ಪಟಕ್ಕೆ ಕಟ್ಟು ಹಾಕುವ ಕೆಲಸ

ಬೆಳಗಾವಿಯ ಹಳೆಯ ಮನೆಗಳ ಪಡಸಾಲೆಯಲ್ಲಿ ಕುಳಿತು ತಲೆಯೆತ್ತಿ ನೋಡಿದವರಿಗೆ, ಗೋಡೆಯ ಮೇಲ್ಭಾಗದಲ್ಲಿ ಸಾಲಾಗಿ, ಸ್ವಲ್ಪ ಮುಂದಕ್ಕೆ ಬಾಗಿ ನಿಂತಿರುವ ಪಟಗಳು ಕಾಣದೆ ಇರವು. 1894ರಲ್ಲಿ ರಾಜಾ ರವಿವರ್ಮನು ಮುಂಬಯಿಯಲ್ಲಿ ಶಿಲಾಮುದ್ರಣಾಲಯವನ್ನು ತೆರೆದ ಮೇಲೆ, ಅರಮನೆಗಳಲ್ಲಿ ಮಾತ್ರವೇ ಇದ್ದ ಲಕ್ಷ್ಮಿ ಸರಸ್ವತಿಯರು ಸಾಮಾನ್ಯರ ಮನೆಗೂ ಬಂದರು. ಅವರೊಡನೆ ಕಟ್ಟು, ಗಾಜು, ಮೊಳೆಗಳೂ ಬಂದುವು. ದೇವರ ಪಟಗಳ ಪಕ್ಕದಲ್ಲಿ ಮನೆಯ ಹಿರಿಯರ ಛಾಯಾಚಿತ್ರಗಳು. ಕೆಲವು ಮನೆಗಳಲ್ಲಿ 1924ರ ಡಿಸೆಂಬರಿನಲ್ಲಿ ಟಿಳಕವಾಡಿಯಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನದ ನೆನಪಿನ ಚಿತ್ರಗಳೂ ಉಂಟು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕಮಾತ್ರ ಅಧಿವೇಶನ ಅದಾದುದರಿಂದ, ಅಂಥ ಚಿತ್ರವುಳ್ಳವರು ಅದನ್ನು ಆಸ್ತಿಯ ಕಾಗದಪತ್ರಗಳಷ್ಟೇ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ.

ನಮ್ಮ ಮನೆಯಲ್ಲಿಯೂ ಅಂತಹ ಚಿತ್ರವೊಂದುಂಟು. ಸ್ವಯಂಸೇವಕರ ಗುಂಪಿನ ಎರಡನೆಯ ಸಾಲಿನಲ್ಲಿ ನಮ್ಮ ಹಿರಿಯರೊಬ್ಬರು ನಿಂತಿದ್ದಾರೆ. ಹಳೆಯ ಕಟ್ಟಿಗೆ ಗೆದ್ದಲು ಹಿಡಿದುದರಿಂದ ಹೊಸದೊಂದನ್ನು ನಾವೇ ಕೈಯಾರೆ ಮಾಡಬೇಕೆಂಬ ಹಂಬಲ ಹುಟ್ಟಿತು. ಆಷಾಢದ ಒಂದು ದಿನ ಖಾನಾಪುರಕ್ಕೆ ಹೋಗಿ, ಸಾಗವಾನಿಯ ಎರಡು ಪಟ್ಟಿಗಳನ್ನು ಸೀಳಿಸಿ ತಂದೆವು. ಅಲ್ಲಿಯ ಮುದುಕ ಬಡಿಗರೊಬ್ಬರು ಪಟ್ಟಿಯನ್ನು ಕೈಯಲ್ಲಿ ತೂಗಿ ನೋಡಿ, "ಸಾಹೇಬರ, ಈ ಕಟಗಿ ಇನ್ನಾ ಹಸಿ ಐತ್ರಿ. ಮಳಿಗಾಲದಾಗ ಕೂಡಿಸಿದ್ದು ಬ್ಯಾಸಗ್ಯಾಗ ಬಾಯಿ ಬಿಡತೈತ್ರಿ" ಎಂದರು. ನಾವು ಓದಿದವರು; ಅವರ ಮಾತನ್ನು ಕೇಳಲಿಲ್ಲ. ಆ ವಾರವೇ ಕತ್ತರಿಸಿ, ಸರೇಸು ಹಚ್ಚಿ, ಮೊಳೆ ಹೊಡೆದು, ಗೋಡೆಗೆ ತೂಗಹಾಕಿದೆವು. ಮೂಲೆಗಳು ಒಂದರೊಳಗೊಂದು ಬೆರೆತಂತೆ ಕೂಡಿದ್ದುವು. ಹೋಳಿಹುಣ್ಣಿಮೆಯ ಹೊತ್ತಿಗೆ ನಾಲ್ಕು ಮೂಲೆಗಳೂ ಒಳಗಡೆಯಿಂದ ಬಾಯಿ ತೆರೆದುವು. ನಾವು ಆಲಸ್ಯದಿಂದ ಅದನ್ನು ಹಾಗೆಯೇ ಬಿಟ್ಟೆವು. ಮುಂದಿನ ಮಳೆಗಾಲ ಮುಗಿಯುವ ವೇಳೆಗೆ, ಆ ಬಿರುಕುಗಳ ಮೂಲಕ ಒಳಹೊಕ್ಕ ಬೆಳ್ಳಿಹುಳುಗಳು ಚಿತ್ರದ ಎಡಮೂಲೆಯಲ್ಲಿ ಇಬ್ಬರು ಸ್ವಯಂಸೇವಕರ ಮುಖಗಳನ್ನು ಕೆರೆದು ತಿಂದಿದ್ದುವು. ನಮ್ಮ ಹಿರಿಯರು ಎರಡು ಬೆರಳಗಲದಲ್ಲಿ ಉಳಿದುಕೊಂಡರು.

ಆ ಮೇಲೆ ಈ ಕೆಲಸವನ್ನು ನಾವು ಮೊದಲಿನಿಂದ ಕಲಿಯಬೇಕಾಯಿತು. ಕಲಿತುದರಲ್ಲಿ ತಿಳಿಸತಕ್ಕಷ್ಟನ್ನು ಇಲ್ಲಿ ತಿಳಿಸುತ್ತೇವೆ.

ಮೊದಲು ಮರದ ಮಾತು. ಖಾನಾಪುರವು ಬೆಳಗಾವಿಗೆ ಹದಿನಾರು ಮೈಲಿ ಮಾತ್ರ ದೂರ. ಆದರೆ ಹವೆ ಬೇರೆ. ಅಲ್ಲಿಂದ ಪಶ್ಚಿಮಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಹೋದಷ್ಟೂ ಮಳೆ ಹೆಚ್ಚುತ್ತದೆ, ಕಾಡು ದಟ್ಟವಾಗುತ್ತದೆ. ಸಾಗವಾನಿ, ಹೊನ್ನೆ, ಮತ್ತಿ, ನಂದಿ, ಹಲಸು ಇವೆಲ್ಲವೂ ಆ ಸೀಮೆಯ ಮರಗಳು. ಇವುಗಳಲ್ಲಿ ಪಟದ ಕಟ್ಟಿಗೆ ಸಾಗವಾನಿಯೇ ಮೇಲು. ಏಕೆಂದರೆ ತೇವ ಏರಿ ಇಳಿದಾಗ ಅದು ಅಲುಗಾಡುವುದು ಇತರ ಮರಗಳಿಗಿಂತ ಕಡಿಮೆ, ಗೆದ್ದಲೂ ಅದರ ತಿರುಳನ್ನು ಸುಲಭವಾಗಿ ಮುಟ್ಟದು. ಹಲಸು ಎರಡನೆಯದು, ಅದರ ಹಳದಿ ಬಣ್ಣ ಕಾಲಕ್ರಮದಲ್ಲಿ ಚೆಂದದ ಕಂದಾಗುತ್ತದೆ. ಮತ್ತಿ ಗಟ್ಟಿ, ಆದರೆ ಮೊಳೆಗೆ ಸೀಳುತ್ತದೆ. ಹೊನ್ನೆ ನೋಡಲು ಸೊಗಸು. ಆದರೆ ಒದ್ದೆಯಾದರೆ ಹಳದಿ ಬಣ್ಣ ಬಿಡುತ್ತದೆ. ಚಿತ್ರದ ಕಾಗದಕ್ಕೆ ತಾಗಿಕೊಂಡಿರುವ ವಸ್ತುವಿಗೆ ಆ ಗುಣ ಸಲ್ಲದು. ಮರವನ್ನು ಅರಣ್ಯ ಇಲಾಖೆಯ ರಹದಾರಿಯುಳ್ಳ ಅಡ್ಡೆಯಿಂದಲೇ ಕೊಳ್ಳತಕ್ಕದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮರವು ತೇವವನ್ನು ಹೀರಿದಾಗ ಅಡ್ಡಕ್ಕೆ ಉಬ್ಬುತ್ತದೆ. ಉದ್ದಕ್ಕೆ ಉಬ್ಬುವುದು ಇಲ್ಲವೆನ್ನುವಷ್ಟು ಅಲ್ಪ. ನಮ್ಮ ಮೂಲೆಗಳು ಬಾಯಿಬಿಟ್ಟ ಗುಟ್ಟೆಲ್ಲ ಈ ಒಂದು ಸಂಗತಿಯಲ್ಲಿದೆ. ಹಸಿ ಸಾಗವಾನಿಯನ್ನು ಪೂರ್ಣವಾಗಿ ಒಣಗಿಸಿದರೆ, ಮರದ ವರ್ಷವಲಯಗಳ ಗುಂಟ ಅದು ಶೇಕಡಾ 5.8ರಷ್ಟು ಕುಗ್ಗುತ್ತದೆ, ವಲಯಗಳಿಗೆ ಅಡ್ಡವಾಗಿ, ಅಂದರೆ ಕಾಂಡದ ನಡುವಿನಿಂದ ತೊಗಟೆಯ ಕಡೆಗೆ, ಶೇಕಡಾ 2.5ರಷ್ಟು ಮಾತ್ರ. ಮರದಲ್ಲಿಯ ತೇವ ಶೇಕಡಾ 28ರ ಸುಮಾರಿಗಿಂತ ಕೆಳಗಿಳಿದ ಮೇಲೆ ಈ ಕುಗ್ಗುವಿಕೆ ಆರಂಭವಾಗುತ್ತದೆ. ಜುಲೈ ತಿಂಗಳಿಂದ ಮಾರ್ಚಿಗೆ ನಮ್ಮ ಪಟ್ಟಿಯ ತೇವ ಶೇಕಡಾ 8ರಷ್ಟು ಇಳಿಯಿತೆಂದು ಎಣಿಸೋಣ. ಎರಡಂಗುಲ ಅಗಲದ ಪಟ್ಟಿ ಅಂಗುಲದ ಮೂವತ್ತನೆಯ ಒಂದು ಪಾಲಿನಷ್ಟು ಕಿರಿದಾಗುತ್ತದೆ. ಇದೇನು ಮಹಾ ಎಂದು ತೋರಬಹುದು. ಆದರೆ ಪಟ್ಟಿ ಕಿರಿದಾಯಿತೇ ಹೊರತು ಮೋಟಾಗಲಿಲ್ಲವಾದುದರಿಂದ, 45 ಡಿಗ್ರಿಗೆ ಕತ್ತರಿಸಿದ ತುದಿ ಈಗ 45 ಡಿಗ್ರಿಯಲ್ಲಿ ಇಲ್ಲ. ಅದರ ಚೂಪು ಇನ್ನೂ ಚೂಪಾಗಿದೆ. ಎರಡು ಪಟ್ಟಿಗಳೂ ಹಾಗಾದಾಗ ಹೊರಮೂಲೆ ಕೂಡಿಯೇ ಇದ್ದು, ಒಳಮೂಲೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಾಗಿ ತೆರೆದುಕೊಳ್ಳುತ್ತದೆ. ಬೆಳ್ಳಿಹುಳುವಿಗೆ ಅದು ಹೆಬ್ಬಾಗಿಲು. ಬೇಸಗೆಯಲ್ಲಿ ಕೂಡಿಸಿದ ಕಟ್ಟನ್ನು ಮಳೆಯ ಸೀಮೆಗೆ ಒಯ್ದರೆ ಇದಕ್ಕೆ ವಿಪರೀತ: ಪಟ್ಟಿ ಉಬ್ಬಿ, ಒಳಗೆ ಒತ್ತಿ, ಹೊರಮೂಲೆ ಬಿಡುತ್ತದೆ. ಆದುದರಿಂದ ಹಳೆಯ ಕಟ್ಟೊಂದರ ಬಿರುಕು ಒಳಗಿದೆಯೋ ಹೊರಗಿದೆಯೋ ಎಂಬುದನ್ನು ನೋಡಿ, ಅದು ಮಾಡಿದ ಕಾಲಕ್ಕಿಂತ ಈಗ ಒಣಗಿದೆಯೋ ತೊಯ್ದಿದೆಯೋ ಎಂದು ಊಹಿಸಬಹುದು. ಕೆಲಸಗಾರನ ಕೈದೋಷವೂ ಹೀಗೆಯೇ ಕಾಣಿಸುವುದುಂಟು. ಆದರೆ ಹವೆಯ ದೋಷ ನಾಲ್ಕು ಮೂಲೆಗಳಲ್ಲಿಯೂ ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ, ಕೈಯ ದೋಷ ಒಂದೆರಡು ಮೂಲೆಗಳಲ್ಲಿ ಮಾತ್ರ.

ಇದಕ್ಕೆ ಉಪಾಯಗಳು ಎರಡು. ಒಂದು, ಪಟ್ಟಿಗಳನ್ನು ತಂದು, ನಡುನಡುವೆ ಕಡ್ಡಿಗಳನ್ನಿಟ್ಟು ಗಾಳಿಯಾಡುವಂತೆ, ಕಟ್ಟು ತೂಗುವ ಕೋಣೆಯಲ್ಲಿಯೇ ಇಡುವುದು. ವಾರಕ್ಕೊಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಬೇಕು. ತೂಕ ಇಳಿಯುವುದು ನಿಂತಾಗ ಮರ ಆ ಕೋಣೆಯ ಹವೆಗೆ ಹೊಂದಿತೆಂದು ತಿಳಿಯಬೇಕು. ಬೆಳಗಾವಿಯಲ್ಲಿ ದೀಪಾವಳಿಯ ನಂತರ ಈ ಕೆಲಸಕ್ಕೆ ತೊಡಗುವುದು ಲೇಸು. ಹವೆ ಆಗ ಎರಡು ತುದಿಗಳ ನಡುವಣ ಸ್ಥಿತಿಯಲ್ಲಿರುತ್ತದೆ. ಇನ್ನೊಂದು, ಪಟ್ಟಿಯನ್ನು ಆರಿಸುವಾಗ ಅದರ ತುದಿಯನ್ನು ನೋಡುವುದು. ವರ್ಷವಲಯದ ಗೆರೆಗಳು ಪಟ್ಟಿಯ ಮುಖಕ್ಕೆ ನೆಟ್ಟಗೆ, ಬೇಲಿಯ ಗೂಟಗಳಂತೆ ನಿಂತಿದ್ದರೆ ಅದನ್ನು ಕೊಳ್ಳಿರಿ; ಚಾಪೆಯಂತೆ ಮಲಗಿದ್ದರೆ ಬಿಡಿರಿ. ಮೊದಲನೆಯದು ಅಗಲಕ್ಕೆ ಎರಡನೆಯದರ ಅರ್ಧದಷ್ಟೂ ಅಲುಗಾಡುವುದಿಲ್ಲ. ಅಂಗಡಿಯವನು ಆರಿಸಲು ಬಿಡಲಾರೆನೆಂದರೆ ಎರಡಾಣೆ ಹೆಚ್ಚು ಕೊಟ್ಟಾದರೂ ಆರಿಸಿಕೊಳ್ಳುವುದು ಲಾಭ ಎಂದು ಹಿಂದಿನವರು ಹೇಳುತ್ತಿದ್ದರು. ಆಣೆಗಳು ಹೋದುವು; ಮಾತು ಸುಳ್ಳಾಗಲಿಲ್ಲ.

ಇನ್ನು ಅಳತೆ. ಹತ್ತು ಅಂಗುಲಕ್ಕೆ ಹದಿನಾಲ್ಕು ಅಂಗುಲದ ಚಿತ್ರವೊಂದಿದೆಯೆನ್ನೋಣ. ಪಟ್ಟಿಯ ಹಿಂಬದಿಯ ಒಳಅಂಚಿನಲ್ಲಿ ಗಾಜನ್ನೂ ಚಿತ್ರವನ್ನೂ ಕೂರಿಸಲು ಮೆಟ್ಟಿಲಿನಂತೆ ತೋಡಿರುತ್ತಾರೆ. ಕಟ್ಟಿನ ಅಳತೆಯೆಲ್ಲ ಆ ಮೆಟ್ಟಿಲಿನ ಗೋಡೆಯಿಂದಲೇ ಹೊರತು, ಕಣ್ಣಿಗೆ ಕಾಣುವ ಒಳಅಂಚಿನಿಂದಲ್ಲ. ಹೊಸಬರು ಮೊದಲು ತಪ್ಪುವುದು ಇಲ್ಲಿಯೇ. ಗಾಜು ಬಿಗಿಯಾಗಿ ಕೂತರೆ ಮರ ಕುಗ್ಗಿದಾಗ ಒಡೆಯುವುದಾದುದರಿಂದ, ಉದ್ದಗಲಗಳೆರಡಕ್ಕೂ ಅಂಗುಲದ ಎಂಟನೆಯ ಒಂದು ಪಾಲು ಸಡಿಲು ಕೊಡಬೇಕು. ಪಟ್ಟಿಯ ಅಗಲ ಒಂದೂವರೆ ಅಂಗುಲ, ಮೆಟ್ಟಿಲು ಕಾಲಂಗುಲ. ಆಗ ಮೆಟ್ಟಿಲಿನ ಗೋಡೆಯಿಂದ ಹೊರಅಂಚಿಗೆ ಒಂದೂಕಾಲು ಅಂಗುಲ ಉಳಿಯಿತು. ಎರಡು ಕೊನೆಗೂ ಇದನ್ನು ಕೂಡಿಸಿದರೆ, ಹೊರಅಂಚಿನಲ್ಲಿ ಗಿಡ್ಡ ಪಟ್ಟಿಗೆ 12 5/8 ಅಂಗುಲವೂ ಉದ್ದ ಪಟ್ಟಿಗೆ 16 5/8 ಅಂಗುಲವೂ ಬಂತು. ನಾಲ್ಕಕ್ಕೂ ಕೂಡಿ ಐವತ್ತೆಂಟೂವರೆ ಅಂಗುಲ. ಗರಗಸ ತಿನ್ನುವುದನ್ನೂ ಹತ್ತರಿಗೆ ಬಿಡುವುದನ್ನೂ ಸೇರಿಸಿ ಐದೂಕಾಲು ಅಡಿಯ ಪಟ್ಟಿ ತರಬೇಕು. ಐದೇ ಅಡಿ ತಂದರೆ ಕಡೆಯ ಪಟ್ಟಿ ನೂಲಿನಷ್ಟು ಗಿಡ್ಡವಾಗಿ ಮತ್ತೊಮ್ಮೆ ಖಾನಾಪುರದ ಬಸ್ಸು ಹತ್ತಬೇಕಾದೀತು.

ಕತ್ತರಿಸುವ ಕೆಲಸದಲ್ಲಿ ನಿಜವಾದ ಶತ್ರು ಸಣ್ಣ ತಪ್ಪು. ದೊಡ್ಡ ತಪ್ಪನ್ನು ಯಾರೂ ಕಾಣದೆ ಬಿಡರು. ಒಂದು ಕಟ್ಟಿಗೆ ಎಂಟು ಕೊಯ್ತಗಳು. ಪ್ರತಿಯೊಂದು ಕೊಯ್ತವೂ ಒಂದೇ ಕಡೆಗೆ ಅರ್ಧ ಡಿಗ್ರಿ ತಪ್ಪಿತೆಂದರೆ, ಬಿಡಿಯಾಗಿ ನೋಡಿದಾಗ ಅದು ಯಾರ ಕಣ್ಣಿಗೂ ಬೀಳದು. ಮೂರು ಮೂಲೆಗಳನ್ನು ಒತ್ತಿ ಕೂಡಿಸಿ ನಾಲ್ಕನೆಯದಕ್ಕೆ ಬಂದಾಗ, ಎಂಟು ಅರ್ಧಗಳೂ ಅಲ್ಲಿ ನಾಲ್ಕು ಡಿಗ್ರಿಯಾಗಿ ನಿಂತಿರುತ್ತವೆ. ಎರಡಂಗುಲದ ಪಟ್ಟಿಯಲ್ಲಿ ಅದು ಐದು ಮಿಲಿಮೀಟರಿನ ಬಿರುಕು. ಕೊನೆಯ ಮೂಲೆಯೇ ಕೆಟ್ಟಿತೆಂದು ಜನ ಅದನ್ನೊಂದನ್ನೇ ಉಜ್ಜಿ ಉಜ್ಜಿ ಸರಿಪಡಿಸಲು ಹೋಗಿ, ಪಟ್ಟಿಯನ್ನು ಗಿಡ್ಡ ಮಾಡಿ ಕೂರುತ್ತಾರೆ. ಕೆಟ್ಟಿದ್ದು ಎಂಟೂ.

ಸಾಮಾನ್ಯವಾಗಿ ಬಳಸುವ ಉಪಕರಣ ಮೂರು ಹಲಗೆಗಳ ಕೊಯ್ತದ ಪೆಟ್ಟಿಗೆ. ಎದುರುಬದುರಿನ ಹಲಗೆಗಳಲ್ಲಿ 45 ಡಿಗ್ರಿಯ ಸೀಳುಗಳಿರುತ್ತವೆ. ಬೆನ್ನಿಗೆ ಲೋಹದ ಪಟ್ಟಿಯುಳ್ಳ ಸಣ್ಣಹಲ್ಲಿನ ಗರಗಸವನ್ನು ಅವುಗಳಲ್ಲಿ ಹಾಯಿಸುತ್ತಾರೆ. ಹೊಸದರಲ್ಲಿ ಅದು ಸರಿಯೇ. ಗರಗಸ ಆಡುತ್ತ ಆಡುತ್ತ ಸೀಳು ಅಗಲವಾಗುತ್ತದೆ. ಬಲಗಡೆಯ ಸೀಳು ಒಂದು ರೀತಿ ಸವೆದರೆ ಎಡಗಡೆಯದು ಇನ್ನೊಂದು ರೀತಿ. ಆದುದರಿಂದ ಪೆಟ್ಟಿಗೆಯಲ್ಲಿ ಕೊಯ್ದುದನ್ನೇ ಕಡೆಯದೆಂದು ತಿಳಿಯದೆ, ಗೆರೆಯಿಂದ ಕೂದಲೆಳೆಯಷ್ಟು ಹೊರಗೆ ಕೊಯ್ದು, ಉಳಿದುದನ್ನು ಹತ್ತರಿಯಿಂದ ತೀಡಬೇಕು. ಹತ್ತರಿಗೆ ಬೆಳಗಾವಿಯ ಕಡೆ ರಂಧಾ ಎನ್ನುತ್ತಾರೆ. ಪಟ್ಟಿಯ ಕೆಳಮೈ ಪೆಟ್ಟಿಗೆಯ ತಳಕ್ಕೂ, ಅದರ ಹೊರಅಂಚು ಪಕ್ಕದ ಹಲಗೆಗೂ ಪೂರ್ತಿ ತಾಗಿರಬೇಕು. ಹೊಟ್ಟೆಯುಬ್ಬಿದ ಪಟ್ಟಿ ಸ್ವಲ್ಪ ಓರೆಯಾಗಿ ಕೂತರೂ ಕೋನ ತಪ್ಪುತ್ತದೆ.

ತೀಡುವ ಹಲಗೆಯ ರಚನೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ. ಏಕೆಂದರೆ ಈ ಕಲೆಯ ಜೀವ ಅದರಲ್ಲಿದೆ. ಎರಡಡಿ ಉದ್ದದ, ನೆಟ್ಟಗಿರುವ ಒಂದು ಹಲಗೆಯ ಮೇಲೆ, ಅದಕ್ಕಿಂತ ಮೂರಂಗುಲ ಕಿರಿದಾದ ಇನ್ನೊಂದನ್ನು ಹಿಂದಿನ ಅಂಚಿಗೆ ಸರಿಯಾಗಿ ಕೂರಿಸಿ ತಿರುಪು ಹಾಕಬೇಕು. ಮುಂದೆ ಉಳಿದ ಮೂರಂಗುಲದ ಮೆಟ್ಟಿಲಿನ ಮೇಲೆ ಹತ್ತರಿ ಮಗ್ಗುಲಾಗಿ ಮಲಗಿ ಓಡಾಡುತ್ತದೆ. ಮೇಲಿನ ಹಲಗೆಯ ಮೇಲೆ ತ್ರಿಕೋನಾಕಾರದ ಮರದ ತುಂಡೊಂದನ್ನು, ಅದರ ಲಂಬಕೋನದ ತುದಿ ಹತ್ತರಿಯ ದಾರಿಯನ್ನು ಮುಟ್ಟುವಂತೆ ಬಿಗಿಯಬೇಕು. ತುದಿಯ ಎಡಕ್ಕೊಂದು ಬದಿ, ಬಲಕ್ಕೊಂದು ಬದಿ. ಎರಡೂ ದಾರಿಗೆ 45 ಡಿಗ್ರಿಯಲ್ಲಿರುತ್ತವೆ. ಪಟ್ಟಿಯ ಬಲತುದಿಯನ್ನು ಒಂದು ಬದಿಗೆ ಒತ್ತಿಯೂ ಎಡತುದಿಯನ್ನು ಇನ್ನೊಂದು ಬದಿಗೆ ಒತ್ತಿಯೂ ತೀಡಬೇಕು.

ಈಗ ಇದರ ಸೊಗಸನ್ನು ನೋಡಿರಿ. ತುಂಡನ್ನು ಬಿಗಿಯುವಾಗ ನಮ್ಮ ಕೈ ತಪ್ಪಿ ಅದು ಒಂದು ಡಿಗ್ರಿ ತಿರುಗಿ ಕೂತಿತೆನ್ನೋಣ. ಆಗ ಒಂದು ಬದಿಯಲ್ಲಿ 46 ಡಿಗ್ರಿಯಾಗುತ್ತದೆ. ಇನ್ನೊಂದರಲ್ಲಿ ತಾನಾಗಿಯೇ 44 ಆಗುತ್ತದೆ. ಕಟ್ಟಿನ ಪ್ರತಿಯೊಂದು ಮೂಲೆಯಲ್ಲಿಯೂ ಒಂದು ಬಲತುದಿ ಒಂದು ಎಡತುದಿಯನ್ನು ಕೂಡುತ್ತದೆ. 46ಕ್ಕೆ 44 ಸೇರಿ 90. ಮೂಲೆ ಲಂಬವಾಗಿಯೇ ಕೂಡಿತು! ತುಂಡಿನ ಸ್ವಂತ ಕೋನ ಸರಿಯಾದ 90 ಆಗಿದ್ದರೆ ಸಾಕು, ಅದು ಕೂತ ರೀತಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ. 45ನ್ನು ಅಳೆಯುವುದು ಕಷ್ಟ, 90ನ್ನು ಪರೀಕ್ಷಿಸುವುದು ಸುಲಭ. ಮೂಲೆಮಟ್ಟವನ್ನು, ಅಂದರೆ ಬಡಿಗರ ಗುಣ್ಯಾವನ್ನು, ಹಲಗೆಯ ಅಂಚಿಗಿಟ್ಟು ಗೆರೆಯೆಳೆದು, ಅದನ್ನು ಮಗುಚಿಟ್ಟು ಅದೇ ಬಿಂದುವಿನಿಂದ ಇನ್ನೊಂದು ಗೆರೆಯೆಳೆಯಿರಿ. ಗೆರೆಗಳು ಒಂದರ ಮೇಲೊಂದು ಬಿದ್ದರೆ ಗುಣ್ಯಾ ಸರಿ; ಕವಲೊಡೆದರೆ ಆ ಕವಲಿನ ಅರ್ಧ ಅದರ ದೋಷ. ಗುಣ್ಯಾ ಇಲ್ಲದವರಿಗೆ ಮೂರು, ನಾಲ್ಕು, ಐದರ ತ್ರಿಕೋನ ಎಂದಿನಿಂದಲೂ ಇದ್ದೇ ಇದೆ.

ಇದೇ ಯುಕ್ತಿ ಪೇಟೆಯ ದೊಡ್ಡ ಅಂಗಡಿಗಳ ಯಂತ್ರಗಳಲ್ಲಿಯೂ ಇದೆಯೆಂದು ತಿಳಿದಾಗ ನಮಗೆ ಸಂತೋಷವಾಯಿತು. ಡೆನ್ಮಾರ್ಕಿನ ಮೋರ್ಸೋ ಎಂಬ ಹೆಸರಿನ, ಕಾಲಿನಿಂದ ತುಳಿಯುವ ಕೊಯ್ತದ ಯಂತ್ರದಲ್ಲಿ ಎರಡು ಅಲಗುಗಳು ಒಂದಕ್ಕೊಂದು ಲಂಬವಾಗಿ ನಿಂತಿರುತ್ತವೆ. ಒಂದು ಪೆಟ್ಟಿಗೆ ತ್ರಿಕೋನಾಕಾರದ ಚೂರು ಕೆಳಗೆ ಬೀಳುತ್ತದೆ. ಈ ಪಟ್ಟಿಯ ಬಲತುದಿಯೂ ಮುಂದಿನ ಪಟ್ಟಿಯ ಎಡತುದಿಯೂ ಒಮ್ಮೆಗೇ ಸಿದ್ಧವಾಗುತ್ತವೆ. ಅಲಗುಗಳ ನಡುವಣ 90 ಡಿಗ್ರಿ ಕಾರ್ಖಾನೆಯಲ್ಲಿಯೇ ಕೂತದ್ದು.

ಯಂತ್ರದ ಮಾತು ಬಂದುದರಿಂದ ಒಂದು ಸಂಗತಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದವರು. ಬಣ್ಣಗಳ ಭೇದ ಕಣ್ಣಿಗೆ ಸರಿಯಾಗಿ ತೋರದೆ ಅದನ್ನು ಬಿಟ್ಟು ಯಂತ್ರಚಿತ್ರಣವನ್ನು ಹಿಡಿದು, ಅದನ್ನೇ ಕಲಿಸುವ ಅಧ್ಯಾಪಕರಾದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಾಗಿ ಆರಂಭವಾದ ಅವರ ಉದ್ಯಮ ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳಿಗೆ ಬೆಳೆಯಿತು. ಬಣ್ಣಕ್ಕೆ ಒಲಿಯದ ಕಣ್ಣು ಗೆರೆಗೂ ಕೋನಕ್ಕೂ ಒಲಿಯಿತು. ಕಟ್ಟು ಹಾಕುವವನಿಗೆ ಬೇಕಾದುದೂ ಆ ಎರಡನೆಯ ಕಣ್ಣೇ.

ಕೋನದಷ್ಟೇ ಮುಖ್ಯವಾದುದು ಎದುರುಬದುರಿನ ಪಟ್ಟಿಗಳ ಸಮತೆ. ಅಳೆಗೋಲಿನಿಂದ ಎರಡು ಸಲ ಅಳೆದರೆ ಎರಡು ಉತ್ತರ ಬರುವುದುಂಟು. ಎರಡನ್ನೂ ಬೆನ್ನಿಗೆ ಬೆನ್ನು ಕೂಡಿಸಿ ಹಿಡಿದು, ತುದಿಗಳ ಮೇಲೆ ಬೆರಳಾಡಿಸಿರಿ. ಕಣ್ಣಿಗೆ ಕಾಣದ ಮೆಟ್ಟಿಲು ಬೆರಳಿಗೆ ತಿಳಿಯುತ್ತದೆ. ಉದ್ದವಾದುದನ್ನು ಎರಡೆಳೆ ತೀಡಿದರೆ ಆಯಿತು.

ಕೂಡಿಸುವ ಕೆಲಸದಲ್ಲಿ ಕಷ್ಟವಿರುವುದು ಅಂಟಿನದು. ಓರೆಯಾಗಿ ಕೊಯ್ದ ತುದಿ ಸಣ್ಣ ಸಣ್ಣ ಕೊಳವೆಗಳ ಬಾಯಿ. ಹಚ್ಚಿದ ಅಂಟನ್ನೆಲ್ಲ ಕುಡಿದುಬಿಡುತ್ತದೆ. ಮೊದಲು ತೆಳುವಾದ ಅಂಟನ್ನು ಸವರಿ, ಅದು ಹೀರಿದ ಮೇಲೆ ಗಟ್ಟಿಯಾದುದನ್ನು ಹಚ್ಚಬೇಕು. ಸಾಗವಾನಿಗೆ ಮೈಯಲ್ಲಿ ಎಣ್ಣೆಯಿರುವುದರಿಂದ ತೀಡಿದ ದಿನವೇ ಅಂಟಿಸತಕ್ಕದ್ದು. ಹಿಂದೆ ಚರ್ಮದ ಸರೇಸನ್ನು ನೀರಿನ ಪಾತ್ರೆಯೊಳಗಿನ ಇನ್ನೊಂದು ಪಾತ್ರೆಯಲ್ಲಿ ಕಾಯಿಸುತ್ತಿದ್ದರು. 60 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು ಕಾದರೆ ಅದರ ಬಲ ಕುಂದುತ್ತದೆ, ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ. ಈಗ ಫೆವಿಕಾಲಿನಂಥ ಬಿಳಿಯ ಅಂಟು ಎಲ್ಲೆಡೆ ದೊರೆಯುತ್ತದೆ. ಸರೇಸಿನದು ಒಂದು ಗುಣ: ನೂರು ವರ್ಷದ ಬಳಿಕವೂ ಬಿಸಿನೀರಿಗೆ ಬಿಟ್ಟುಕೊಳ್ಳುವುದರಿಂದ ರಿಪೇರಿ ಸುಲಭ. ಆದರೂ ಖಾನಾಪುರದಂಥ ಸೀಮೆಗೆ ಬಿಳಿಯ ಅಂಟೇ ಮೇಲೆಂದು ನಮಗೆ ತೋರುತ್ತದೆ.

ಮೊದಲು ಒಂದು ಉದ್ದ ಪಟ್ಟಿಗೆ ಒಂದು ಗಿಡ್ಡ ಪಟ್ಟಿಯನ್ನು ಕೂಡಿಸಿ ಎರಡು ಮೂಲೆಗಳನ್ನು ಮಾಡಿಕೊಂಡು, ಬಳಿಕ ಆ ಎರಡನ್ನು ಒಂದುಗೂಡಿಸಬೇಕು. ಹಿಡಿದಿಡಲು ಬೆಲೆಯ ಉಪಕರಣವೇನೂ ಬೇಡ. ಮೂಲೆಗೊಂದರಂತೆ ನಾಲ್ಕು ಮರದ ತುಂಡುಗಳನ್ನು ತೋಡಿ ಇಟ್ಟು, ಸುತ್ತ ಹುರಿಯನ್ನು ಎರಡು ಸುತ್ತು ಬಿಗಿದು, ನಡುವೆ ಕಡ್ಡಿ ತೂರಿಸಿ ತಿರುವಿದರೆ ನಾಲ್ಕು ಮೂಲೆಗಳ ಮೇಲೂ ಸಮನಾದ ಒತ್ತಡ ಬೀಳುತ್ತದೆ. ಒಡನೆಯೇ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ದಾರದಿಂದ ಅಳೆಯಿರಿ. ಸಮನಾಗಿಲ್ಲದಿದ್ದರೆ ಉದ್ದವಾದ ಕರ್ಣದ ತುದಿಗಳನ್ನು ಮೆಲ್ಲಗೆ ಒತ್ತಿದರೆ ಸರಿಯಾಗುತ್ತದೆ. ಇದು ಅಂಟು ಹಸಿಯಿರುವಾಗಲೇ ಆಗಬೇಕು.

ಮೊಳೆಯನ್ನು ಅಂಟಿನ ಸಹಾಯಕ್ಕೆ ಮಾತ್ರ ಹೊಡೆಯಬೇಕು, ಅಂಟಿಗೆ ಬದಲಾಗಿ ಅಲ್ಲ. ಮೊದಲು ಮೊಳೆಗಿಂತ ಸಣ್ಣ ತೂತು ಕೊರೆಯದಿದ್ದರೆ ಸಾಗವಾನಿಯೂ ಸೀಳುತ್ತದೆ. ಪೆಟ್ಟಿಗೆ ಪಟ್ಟಿ ಜಾರುವುದರಿಂದ ಅದನ್ನು ಕೂದಲೆಳೆಯಷ್ಟು ಎತ್ತಿ ಹಿಡಿದು ಹೊಡೆದರೆ ಕೊನೆಯ ಪೆಟ್ಟಿಗೆ ಸರಿಯಾದ ಜಾಗಕ್ಕೆ ಬರುತ್ತದೆ. ಭಾರವಾದ ಕಟ್ಟಿಗೆ ಮೊಳೆಗಿಂತ ಉತ್ತಮವಾದುದು ಬೆಣೆ. ಅಂಟು ಆರಿದ ಮರುದಿನ ಹೊರಮೂಲೆಗೆ ಅಡ್ಡಲಾಗಿ ಗರಗಸದಿಂದ ಸೀಳು ಹಾಕಿ, ಅದರಲ್ಲಿ ಅದೇ ಮರದ ತೆಳು ಚಕ್ಕೆಯನ್ನು ಅಂಟು ಹಚ್ಚಿ ತೂರಿಸಿ, ಹೊರಗುಳಿದುದನ್ನು ಉಳಿಯಿಂದ ಸವರಬೇಕು. ಇಲ್ಲಿ ಅಂಟು ಹಿಡಿಯುವುದು ಕೊಳವೆಯ ಬಾಯಿಗಲ್ಲ, ಮರದ ಮೈಗೆ. ಆದುದರಿಂದ ಹವೆ ಬದಲಾದರೂ ಅದು ಸುಲಭವಾಗಿ ಬಿಡುವುದಿಲ್ಲ.

ಬಣ್ಣದ ಫೈಬರ್ ಪಟ್ಟಿಗಳು ಈಗ ಪೇಟೆಯನ್ನು ತುಂಬಿವೆ. ಅವು ತೇವಕ್ಕೆ ಉಬ್ಬವು, ಗೆದ್ದಲಿಗೂ ರುಚಿಸವು. ಪಂಚಾಂಗದ ಚಿತ್ರಕ್ಕೆ ಅವು ಸಾಕು. ಮೂಲೆ ಕಿತ್ತರೆ ತೀಡಿ ಮತ್ತೆ ಕೂಡಿಸಲು ಬಾರದು, ಅಷ್ಟೆ.

ಚಿತ್ರವನ್ನು ಕೂರಿಸುವಾಗ ಛಾಯಾಚಿತ್ರದ ಮುಖ ಗಾಜಿಗೆ ತಾಗಬಾರದು. ಅದರ ಮೇಲಿನ ಜಿಲಟಿನ್ ಲೇಪ ಮಳೆಗಾಲದ ತೇವಕ್ಕೆ ಮೆತ್ತಗಾಗಿ ಗಾಜಿಗೆ ಅಂಟಿಕೊಂಡರೆ, ಬಿಡಿಸುವಾಗ ಮುಖವೇ ಎದ್ದುಬರುತ್ತದೆ. ನಡುವೆ ಕಿಟಕಿಯಂತೆ ಕತ್ತರಿಸಿದ ದಪ್ಪ ಕಾಗದವನ್ನಿಟ್ಟರೆ ಅಂತರ ಉಳಿಯುತ್ತದೆ. ಅದು ಆಮ್ಲರಹಿತವಾದ ಕಾಗದವಾಗಿರಲಿ, ಅಗ್ಗದ ರಟ್ಟು ವರ್ಷಗಳಲ್ಲಿ ಚಿತ್ರಕ್ಕೆ ಕಂದು ಕಲೆ ಹಿಡಿಸುತ್ತದೆ. ಹಿಂಬದಿಯ ಸಂದುಗಳನ್ನೆಲ್ಲ ಕಾಗದದ ಪಟ್ಟಿಯಿಂದ ಮುಚ್ಚಿದರೆ ಹುಳುಗಳಿಗೆ ದಾರಿಯಿಲ್ಲ.

ನಮ್ಮ ಚಿತ್ರಕ್ಕೆ ಎರಡನೆಯ ಕಟ್ಟನ್ನು ಕಾರ್ತಿಕ ಮಾಸದಲ್ಲಿ ಹಾಕಿದೆವು. ಪಟ್ಟಿಗಳು ಏಳು ತಿಂಗಳು ಪಡಸಾಲೆಯ ಅಟ್ಟದ ಮೇಲಿದ್ದುವು. ಸವೆದ ಎಡಮೂಲೆಯನ್ನು ಒಳಗಿನ ಕಾಗದದ ಕಿಟಕಿಯಿಂದ ಮುಚ್ಚಿಬಿಡಿರೆಂದು ಮನೆಯವರು ಹೇಳಿದರು; ನಾವು ಒಪ್ಪಲಿಲ್ಲ. ಮುಖ ಹೋದ ಆ ಇಬ್ಬರೂ ಭುಜದ ಮೇಲೆ ಕೈಯಿಟ್ಟುಕೊಂಡು ಹಾಗೆಯೇ ನಿಂತಿದ್ದಾರೆ. ಕಟ್ಟಿನ ಕೆಳಗಿನ ಎರಡು ಮೂಲೆಗಳ ಹಿಂದೆ ಬಿರಡೆಯ ಎರಡು ಚೂರುಗಳನ್ನು ಅಂಟಿಸಿದ್ದೇವೆ. ಗೋಡೆಗೂ ಪಟಕ್ಕೂ ನಡುವೆ ಗಾಳಿಯಾಡುತ್ತದೆ, ಮಳೆಗಾಲದಲ್ಲಿ ಗೋಡೆ ಬೆವತರೂ ತೇವ ಮರಕ್ಕೆ ಏರುವುದಿಲ್ಲ.